ಪಕ್ಕದ ಮನೆಯ ಫ್ಯಾನು ತಿರುಗಿದ್ದು ಹೇಗೆ?

ಕರೆಂಟ್ ಹೋದ ಮೊದಲ ದಿನ ಎಲ್ಲರೂ ಶೂರರೇ. ಎರಡನೆಯ ದಿನ ಮಾತು ಕಡಿಮೆಯಾಗುತ್ತದೆ. ಮೂರನೆಯ ದಿನ ಮೇಲಿನ ಟ್ಯಾಂಕಿನಲ್ಲಿ ನೀರು ತಳ ಕಂಡಾಗ ಮನೆಮಂದಿ ಒಬ್ಬರ ಮುಖ ಒಬ್ಬರು ನೋಡತೊಡಗುತ್ತಾರೆ.

ಹೊಲಿಗೆಯಕ್ಕನ ಮನೆಯಲ್ಲಿ ಆದದ್ದೂ ಅದೇ. ಬಟ್ಟೆ ಹೊಲಿಯುವ ಆಕೆಗೆ ಬೀದಿಯವರು ಇಟ್ಟ ಹೆಸರದು. ಬಿರುಗಾಳಿಗೆ ಊರಿಗೂರೇ ಕತ್ತಲಾಗಿತ್ತು. ಸಾಲದ್ದಕ್ಕೆ ಮರದ ಕೊಂಬೆಯೊಂದು ಮುರಿದು ಬಿದ್ದು, ಬೀದಿಯ ಕೊನೆಯ ಎರಡು ಮನೆಗಳಿಗೆ ಬರುವ ತಂತಿ ತುಂಡಾಗಿತ್ತು. ಒಂದು ಇವರ ಮನೆ, ಇನ್ನೊಂದು ಪಕ್ಕದ ಅಜ್ಜಿಯದು.

ಆದರೂ ಅಕ್ಕ ಕೈಚೆಲ್ಲಿ ಕೂತಿರಲಿಲ್ಲ. ಫ್ರಿಜ್ಜಿನಲ್ಲಿ ಕೆಡುವಂಥದ್ದನ್ನೆಲ್ಲ ಮೊದಲ ದಿನವೇ ಖಾಲಿ ಮಾಡಿಸಿದ್ದಳು. ಪರದೆಗೆ ಕಿಡಿ ತಾಗೀತೆಂದು ಮೇಣದಬತ್ತಿ ಎತ್ತಿಟ್ಟು ಟಾರ್ಚ್ ಹಿಡಿದಿದ್ದಳು. ಫೋನನ್ನು ಆಫ್ ಮಾಡಿಟ್ಟು ದಿನಕ್ಕೆ ಎರಡೇ ಸಲ ಆನ್ ಮಾಡುತ್ತಿದ್ದಳು, ಅದೂ ತಮ್ಮನನ್ನು ವಿಚಾರಿಸಲು. ತಮ್ಮ ಲೈನ್‌ಮ್ಯಾನ್. ಮೂರು ದಿನದಿಂದ ಕಂಬ ಹತ್ತಿ ಇಳಿಯುವುದೇ ಅವನ ಪಾಡಾಗಿತ್ತು.

"ಅಕ್ಕಾ, ಇವತ್ತು ಹನ್ನೊಂದು ಗಂಟೆ ಸುಮಾರಿಗೆ ನಿಮ್ಮ ಬೀದಿ ತಂತಿ ಜೋಡಿಸ್ತೀನಿ" ಎಂದು ಬೆಳಗ್ಗೆ ಹೇಳಿದ್ದ.

ಗಂಡನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಆತ ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವ. ವಿದ್ಯುತ್ತಿನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಇನ್ನೂ ಹುಟ್ಟಿಲ್ಲವೆಂದೇ ನಂಬಿದ್ದವ. ಹತ್ತೂವರೆಗೆ ಬಾಡಿಗೆಯ ಪುಟ್ಟ ಜನರೇಟರ್ ತಂದು ಹಿತ್ತಲಲ್ಲಿ ಇಳಿಸಿದ.

"ನೋಡು, ಹೊರಗೇ ಇಟ್ಟಿದ್ದೀನಿ. ಇದರ ಹೊಗೆ ಒಳಗೆ ತುಂಬಿದ್ರೆ ಮಲಗಿದವರು ಏಳಲ್ಲ. ಅಷ್ಟೂ ಗೊತ್ತಿಲ್ವಾ ನನಗೆ?"

ಅದು ನಿಜಕ್ಕೂ ಸರಿಯಾದ ಮಾತು. ಜನರೇಟರನ್ನು ಕೋಣೆಯಲ್ಲಾಗಲಿ, ಕಿಟಕಿಯ ಪಕ್ಕದಲ್ಲಾಗಲಿ ಇಡಲೇಬಾರದು. ಆದರೆ ಅರ್ಧ ಬಲ್ಲವನ ತೊಂದರೆ ಶುರುವಾಗುವುದು ಉಳಿದರ್ಧದಲ್ಲಿ.

"ಪಂಪಿನ ವೈರು ಗೋಡೆಯೊಳಗಿದೆಯಲ್ರೀ, ಜನರೇಟರಿಗೆ ಹೇಗೆ ಕೊಡ್ತೀರಿ?" ಎಂದು ಅಕ್ಕ ಕೇಳಿದಳು.

ಆತ ಎರಡೂ ತುದಿಗೆ ಪಿನ್ನು ಇರುವ ವೈರೊಂದನ್ನು ಎತ್ತಿ ತೋರಿಸಿದ. "ಒಂದು ತುದಿ ಜನರೇಟರಿಗೆ, ಇನ್ನೊಂದು ಅಡುಗೆಮನೆ ಸಾಕೆಟ್ಟಿಗೆ. ಮನೆಗೆಲ್ಲ ಕರೆಂಟ್! ಪಂಪೂ ಓಡುತ್ತೆ, ಫ್ಯಾನೂ ತಿರುಗುತ್ತೆ."

"ಮೇನ್ ಸ್ವಿಚ್ ಆರಿಸಿದ್ರಾ?"

"ಆರಿಸಿದ್ರೆ ಬೀದಿ ಕರೆಂಟ್ ಬಂದದ್ದು ಗೊತ್ತಾಗೋದು ಹೇಗೆ? ಹೋಗು, ಬಕೆಟ್ ತೊಳೆದಿಡು."

ಜನರೇಟರ್ ಗುರುಗುಟ್ಟಿತು. ಪಂಪ್ ಓಡಿತು. ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿ ಅಕ್ಕನಿಗೂ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು? ಗಂಡ ಸೊಂಟದ ಮೇಲೆ ಕೈಯಿಟ್ಟು, ಊರನ್ನೇ ಗೆದ್ದವನಂತೆ ನಿಂತಿದ್ದ.

ಅಷ್ಟರಲ್ಲಿ ಕಾಂಪೌಂಡಿನಾಚೆಯಿಂದ ಅಜ್ಜಿಯ ದನಿ. "ಬಂತು ಕಣಮ್ಮಾ, ಕರೆಂಟ್ ಬಂತು! ನಮ್ಮ ಫ್ಯಾನ್ ತಿರುಗ್ತಾ ಇದೆ. ನಿನ್ನ ತಮ್ಮ ನೂರ್ಕಾಲ ಬಾಳಲಿ!"

ಅಕ್ಕ ಹಿಗ್ಗಿ ಬಾಗಿಲಿಗೆ ಬಂದಳು. ಎದುರುಮನೆಯಲ್ಲಿ ಇನ್ನೂ ಕತ್ತಲು. ಅದರಾಚೆಯ ಅಂಗಡಿಯಲ್ಲೂ ಕತ್ತಲು. ಬೀದಿಯುದ್ದಕ್ಕೂ ಒಂದು ಬಲ್ಬೂ ಹತ್ತಿರಲಿಲ್ಲ. ಹರಿದ ತಂತಿ ಬೆಳಗ್ಗೆ ಹೇಗಿತ್ತೋ ಹಾಗೆಯೇ ಜೋತಾಡುತ್ತಿತ್ತು. ಹಾಗಾದರೆ ಅಜ್ಜಿಯ ಮನೆಗೆ ಕರೆಂಟ್ ಎಲ್ಲಿಂದ ಬಂತು?

"ರೀ, ಅದು ನಮ್ಮ ಜನರೇಟರಿನದು! ನಮ್ಮನೆಯಿಂದ ತಂತಿಗೆ ಹೋಗ್ತಾ ಇದೆ!"

"ಹುಚ್ಚಾ ನಿಂಗೆ? ಕರೆಂಟ್ ಆಫೀಸಿನಲ್ಲಿ ಲೈನ್ ಬಂದ್ ಮಾಡಿದ್ದಾರೆ, ಇಲ್ಲಿ ತಂತಿ ತುಂಡಾಗಿದೆ..."

ಅಕ್ಕ ವಾದಕ್ಕೆ ನಿಲ್ಲಲಿಲ್ಲ. ಸೀದಾ ಹೋಗಿ ಮೇನ್ ಸ್ವಿಚ್ ಕೆಳಗೆಳೆದಳು.

"ಅಯ್ಯೋ, ಹೋಯ್ತಲ್ಲಮ್ಮಾ ಮತ್ತೆ!" ಎಂದಳು ಅಜ್ಜಿ.

ಏನಾಯಿತೆಂದು ಗಂಡನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಓಡಿಹೋಗಿ ಜನರೇಟರ್ ನಿಲ್ಲಿಸಿದ.

ಅಕ್ಕ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದು ದಾಟಿ ಐದು ನಿಮಿಷ. ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದಳು. ಅವಳಿಗೆ ಇಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ. ತಿರುವು ದಾಟಿದಾಗ ಕಂಡಿತು, ಕಂಬಕ್ಕೆ ಒರಗಿಸಿದ ಏಣಿ. ಅದರ ಮೂರನೆಯ ಮೆಟ್ಟಿಲ ಮೇಲೆ ತಮ್ಮ.

"ಇಳಿಯೋ! ಮುಟ್ಟಬೇಡ, ಇಳಿಯೋ ಕೆಳಗೆ!"

ಅವನು ಗಾಬರಿಯಿಂದ ಇಳಿದ. ಅಕ್ಕ ಅವನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ವಿಷಯ ತಿಳಿಯುವವರೆಗೂ ಅವನು ಅಕ್ಕನಿಗೇ ಏನೋ ಆಗಿದೆಯೆಂದುಕೊಂಡಿದ್ದ.

ಐದು ನಿಮಿಷದ ಮೇಲೆ ಮೂವರೂ ಅಡುಗೆಮನೆಯಲ್ಲಿ ಕೂತಿದ್ದರು.

"ಭಾವ, ಬೆಳಗ್ಗೆ ಟೆಸ್ಟರ್ ಇಟ್ಟು ನೋಡಿದ್ದೆ. ತಂತಿಯಲ್ಲಿ ಏನೂ ಇರಲಿಲ್ಲ" ಎಂದ ತಮ್ಮ ಮೆಲ್ಲಗೆ. "ಈಗ ಇನ್ನೊಂದ್ಸಲ ನೋಡ್ತಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ. ಮೂರು ದಿನದಿಂದ ನಿದ್ದೆ ಇಲ್ಲ. ಅದು ನನ್ನ ತಪ್ಪು, ಪ್ರತಿ ಸಲ ನೋಡಲೇಬೇಕು."

"ತಂತಿ ತುಂಡಾಗಿದೆ, ಇನ್ನು ಕರೆಂಟ್ ಎಲ್ಲಿಗೆ ಹೋದೀತು ಅಂದ್ಕೊಂಡೆ ಕಣೋ" ಎಂದ ಗಂಡ.

"ತುಂಡಾದ ತಂತಿಗೆ ಎರಡು ತುದಿ ಭಾವ. ಆಫೀಸಿನ ಕಡೆಯ ತುದಿ ನಾವು ಬಂದ್ ಮಾಡ್ತೀವಿ. ಮನೆ ಕಡೆಯ ತುದಿ ನಿಮ್ಮ ಕೈಲಿರುತ್ತೆ. ತಂತಿ ಹರಿಯದಿದ್ರೆ ಇನ್ನೂ ಕೆಟ್ಟದ್ದು. ನಿಮ್ಮ ಕರೆಂಟ್ ಟ್ರಾನ್ಸ್‌ಫಾರ್ಮರ್ ತನಕ ಹೋದ್ರೆ ಆ ಕಡೆ ಸಾವಿರಾರು ವೋಲ್ಟ್ ಆಗಿ ಹೊರಡುತ್ತೆ. ಅಲ್ಲಿ ಯಾವ ಹುಡುಗ ಹತ್ತಿರ್ತಾನೋ."

"ಇನ್ಮೇಲೆ ಮೇನ್ ಆರಿಸೇ ಹಾಕ್ತೀನಿ."

"ಅದೂ ಬೇಡ. ಯಾರಾದ್ರೂ ಮರೆತು ಮೇನ್ ಹಾಕಿದ್ರೆ ಮತ್ತೆ ಅದೇ ಕಥೆ. ಆಮೇಲೆ, ಈ ವೈರಿನ ಒಂದು ತುದಿ ಕಿತ್ತು ಬಂದ್ರೆ ಆ ಪಿನ್ನಲ್ಲೇ ಕರೆಂಟ್ ಇರುತ್ತೆ. ಅಕ್ಕ ಒದ್ದೆ ಕೈಲಿ ಮುಟ್ಟಿದ್ರೆ?"

ಗಂಡ ಎದ್ದು ಆ ವೈರಿನ ಎರಡೂ ತುದಿ ಕಿತ್ತು, ಕತ್ತರಿ ತಂದು ಅದನ್ನು ನಾಲ್ಕು ತುಂಡು ಮಾಡಿದ.

"ಪಂಪಿಗೇನು ಮಾಡೋಣ ಹೇಳು. ನಿಮ್ಮಕ್ಕನ ಬಕೆಟ್ ಖಾಲಿ ಇದೆ."

"ಪಂಪನ್ನ ಮನೆ ವೈರಿಂಗಿನಿಂದ ಪೂರ್ತಿ ಬಿಡಿಸಿ, ಅದಕ್ಕೆ ಬೇರೆ ಪ್ಲಗ್ ಹಾಕಿ ಸೀದಾ ಜನರೇಟರಿಗೆ ಕೊಡಿ. ಮನೆಗೆಲ್ಲ ಬೇಕು ಅಂದ್ರೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ ಚೇಂಜ್ ಓವರ್ ಸ್ವಿಚ್ ಹಾಕಿಸಿ. ಒಂದು ಕಡೆ ತಿರುಗಿಸಿದ್ರೆ ಬೀದಿ ಕರೆಂಟ್, ಇನ್ನೊಂದು ಕಡೆ ಜನರೇಟರ್. ಎರಡೂ ಸೇರೋದೇ ಇಲ್ಲ."

"ಬೀದಿ ಕರೆಂಟ್ ಬಂದದ್ದು ಗೊತ್ತಾಗ್ಬೇಕಲ್ಲೋ?"

"ಎದುರುಮನೆ ಬಲ್ಬ್ ನೋಡಿ ಭಾವ, ಅದಕ್ಕೇನು ಟಿಕೆಟ್ಟಾ?"

ಆಗ ಅಕ್ಕನಿಗೂ ನಗು ಬಂತು. ಪಂಪಿಗೆ ಪ್ಲಗ್ ಹಾಕಲು ಗಂಡನಿಗೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಆದರೆ ಆತ ಜನರೇಟರ್ ಹಚ್ಚಲಿಲ್ಲ. ಮೊದಲು ಬೀದಿಗೆ ಹೋಗಿ, ಮನೆಮನೆಯ ಬಾಗಿಲು ತಟ್ಟಿದ.

"ಜನರೇಟರ್ ಇದೆಯಾ? ಎಲ್ಲಿಗೆ ಸಿಕ್ಕಿಸಿದ್ದೀರಿ, ತೋರಿಸಿ" ಎಂದು ಕೇಳಿದ. "ಈಗ ನಾನು ಮಾಡಿದ್ದು ಹೇಳ್ತೀನಿ, ಕೇಳಿ" ಎಂದು ನಾಚಿಕೆ ಬಿಟ್ಟು ತನ್ನ ತಪ್ಪನ್ನೇ ಹೇಳಿದ. ಆರನೆಯ ಮನೆಯಲ್ಲಿ ಅಂಥದೇ ವೈರು ಸಾಕೆಟ್ಟಿನಲ್ಲಿತ್ತು. ನಿಂತು ಬಿಚ್ಚಿಸಿಯೇ ಮುಂದೆ ಹೋದ.

ಆಮೇಲೆ ತಮ್ಮ, ಜೋತಾಡುತ್ತಿದ್ದ ತಂತಿಗೆ ಮತ್ತೆ ಟೆಸ್ಟರ್ ಇಟ್ಟು ನೋಡಿ, ಏಣಿ ಹತ್ತಿದ. ಅವನು ಇಳಿಯುವವರೆಗೂ ಭಾವ ಏಣಿಯ ಬುಡ ಬಿಡಲಿಲ್ಲ. ಅಕ್ಕ ಪಕ್ಕದಲ್ಲೇ ನಿಂತಿದ್ದಳು.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕರೆಂಟ್ ಹೋದಾಗ ಜನರೇಟರ್ ಹಚ್ಚುವುದು ತಪ್ಪಲ್ಲ. ಅದನ್ನು ಮನೆಯಿಂದ ದೂರ, ಬಯಲಲ್ಲಿಡಿ. ಬೇಕಾದ ವಸ್ತುವನ್ನು ನೇರವಾಗಿ ಅದಕ್ಕೇ ಜೋಡಿಸಿ. ಗೋಡೆಯ ಸಾಕೆಟ್ಟಿಗೆ ಮಾತ್ರ ಎಂದೂ ಕೊಡಬೇಡಿ. ಇವತ್ತೇ ಒಮ್ಮೆ ನಿಮ್ಮ ಮನೆಯಲ್ಲಿ ನೋಡಿ, ಎರಡೂ ತುದಿಗೆ ಪಿನ್ನಿರುವ ವೈರಿದ್ದರೆ, ಜನರೇಟರ್ ನಿಲ್ಲಿಸಿ, ಎರಡೂ ತುದಿ ಬಿಚ್ಚಿದ ಮೇಲೆ ಕತ್ತರಿಸಿ ಎಸೆಯಿರಿ. ಕಂಬದ ಮೇಲಿರುವವನಿಗೆ ನಿಮ್ಮ ಅಡುಗೆಮನೆ ಕಾಣುವುದಿಲ್ಲ. ಅವನು ನಿಮ್ಮನ್ನು ನಂಬಿ ತಂತಿಗೆ ಕೈ ಹಾಕುತ್ತಾನೆ.