ಅಜ್ಜಮ್ಮನ ಸಂಚಿಯಲ್ಲಿದ್ದ ಮಾತ್ರೆ

ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಅನ್ನಪೂರ್ಣ ಅರ್ಧ ಸಾಲಿಗೇ ಕೂತುಬಿಟ್ಟಳು. ಕಣ್ಣು ಕತ್ತಲೆ ಬಂದಿತ್ತು. ಐದು ತಿಂಗಳ ಬಸುರಿ. ಅತ್ತೆ ಅಜ್ಜಮ್ಮ ನೀರು ಕುಡಿಸಿ, ಸೆರಗಿನಿಂದ ಗಾಳಿ ಹಾಕಿ, ಮೆಲ್ಲಗೆ ಮನೆಗೆ ಕರೆತಂದಳು. ಸೊಕ್ಕೆ ಊರಿನ ಆ ಮನೆಗೆ ಮದುವೆಯಾದ ಆರು ವರ್ಷಕ್ಕೆ ಮೊದಲ ಮಗು ಬರುವುದಿತ್ತು. ಅಜ್ಜಮ್ಮ ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದಳು.

ಸಂಜೆ ಆಶಾ ಕಾರ್ಯಕರ್ತೆ ಚೌಡೇಶ್ವರಿ ಬಂದಳು. ಎರಡು ಬೀದಿ ಆಚೆಯ ಮನೆಯವಳೇ.

"ಹೋದ ವಾರ ಡಾಕ್ಟ್ರು ಕೊಟ್ಟ ಜಂತುಹುಳದ ಮಾತ್ರೆ ತಗಂಡ್ಯಾ ಅನ್ನಪೂರ್ಣ?"

ಅನ್ನಪೂರ್ಣ ಅತ್ತೆಯ ಕಡೆ ನೋಡಿದಳು. ಅಜ್ಜಮ್ಮ ಎಲೆಅಡಿಕೆ ಸಂಚಿಯನ್ನು ಸೊಂಟಕ್ಕೆ ಇನ್ನಷ್ಟು ಒತ್ತಿ ಸಿಕ್ಕಿಸಿಕೊಂಡಳು. ಮಾತ್ರೆ ಅದರೊಳಗೇ ಇತ್ತು.

"ನಾನೇ ಇಸ್ಕಂಡೆ," ಎಂದಳು. "ಹುಳ ಸಾಯೋ ಮಾತ್ರೆ ಕೂಸಿಗೆ ತಾಗದೆ ಬಿಡ್ತೈತಾ? ನಾನು ಕಣ್ಣಾರೆ ಕಂಡೀನಿ."

ಕಂಡದ್ದು ಕುರಿಹಟ್ಟಿಯಲ್ಲಿ. ಎರಡು ವರ್ಷದ ಹಿಂದೆ ಅಂಗಡಿಯಿಂದ ಜಂತುಹುಳದ ಔಷಧಿ ತಂದು, ಯಾರನ್ನೂ ಕೇಳದೆ ಎಲ್ಲ ಕುರಿಗಳಿಗೂ ಕುಡಿಸಿದ್ದಳು. ಆಗಷ್ಟೇ ಗಬ್ಬ ನಿಂತಿದ್ದ ಒಂದು ಕುರಿಗೆ ಸೊಟ್ಟಗಾಲಿನ ಮರಿ ಹುಟ್ಟಿ ಸತ್ತಿತು. ಆ ಮರಿಯನ್ನು ಮಣ್ಣು ಮಾಡಿದ್ದೂ ಅವಳೇ.

ಚೌಡೇಶ್ವರಿ ನಗಲಿಲ್ಲ. "ದನದ ಡಾಕ್ಟ್ರು ಏನಂದ್ರು ದೊಡ್ಡಮ್ಮ?"

"ಬೈದ್ರು. ಗಬ್ಬ ನಿಂತ ಹೊಸದರಲ್ಲಿ ಇದನ್ನ ಕುಡಿಸಬಾರದು, ನನ್ನ ಕೇಳಾಕೆ ಏನಾಗಿತ್ತು ಅಂತ."

"ಆಮೇಲೆ?"

"ಹೋದ ವರ್ಷ ದಿನ ತುಂಬ್ತಾ ಬಂದಿದ್ದ ಕುರಿಗೆ ತಾವೇ ಅಳತೆ ಮಾಡಿ ಕುಡಿಸಿದ್ರು."

"ಮರಿ ಹೆಂಗಿತ್ತು?"

"ಗುಂಡಗಿತ್ತು," ಎಂದಳು ಅಜ್ಜಮ್ಮ.

"ಕುರಿ ಔಷಧಿ ಬೇರೆ, ನಮ್ದು ಬೇರೆ. ಆದ್ರೆ ಕಾಲ ನೋಡಿ ಕೊಡಬೇಕು ಅನ್ನೋದು ಎರಡಕ್ಕೂ ಐತೆ. ಮೊದಲ ಮೂರು ತಿಂಗಳು ಕೂಸಿನ ಕೈಕಾಲು ಮೂಡೋ ಕಾಲ. ಆಗ ಕೊಡಲ್ಲ. ಇವಳಿಗೆ ಈಗ ಐದು. ಡಾಕ್ಟ್ರು ತಿಂಗಳು ಲೆಕ್ಕ ಹಾಕೇ ಕೊಟ್ಟವ್ರೆ."

"ತಗಳ್ಳದಿದ್ರೆ ಏನಾಗ್ತೈತೆ?"

"ಇವಳಿಗೆ ರಕ್ತದ ಅಂಶ ಎಂಟೂವರೆ ಐತೆ, ಹನ್ನೊಂದಾದ್ರೂ ಇರಬೇಕು. ದಿನಾ ಕಬ್ಬಿಣದ ಮಾತ್ರೆ ನುಂಗ್ತಾಳೆ. ಹೊಟ್ಟೇಲಿ ಕೊಕ್ಕೆಹುಳ ಇದ್ರೆ ಆ ರಕ್ತ ಹೀರ್ತವೆ. ರಕ್ತ ಕಮ್ಮಿ ಇದ್ರೆ ಹೆರಿಗೇಲಿ ಇವಳಿಗೆ ಅಪಾಯ, ಕೂಸೂ ಬಡಕಲಾಗಿ ಹುಟ್ಟಬಹುದು."

"ನಮ್ಮನೇಲಿ ಕೊಳಕು ಊಟ ಇಲ್ಲಮ್ಮ. ಹುಳ ಎಲ್ಲಿಂದ ಬಂತು?"

"ಕೊಕ್ಕೆಹುಳ ಬರೋದು ಪಾದದಿಂದ. ಜನ ಬಯಲಿಗೆ ಹೋಗೋ ಹೊಲದ ಮಣ್ಣಲ್ಲಿ ಇರ್ತವೆ. ಬರಿಗಾಲಲ್ಲಿ ತುಳಿದ್ರೆ ಚರ್ಮ ತೂರಿ ಒಳಗೆ ನುಗ್ತವೆ."

ಅಜ್ಜಮ್ಮ ಸೊಸೆಯ ಪಾದ ನೋಡಿದಳು. ಬೆರಳ ಸಂದಿಯಲ್ಲಿ ಹೊಲದ ಮಣ್ಣು ಇನ್ನೂ ಒಣಗಿ ಅಂಟಿಕೊಂಡಿತ್ತು. ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟೇ ಹೊಲಕ್ಕೆ ಇಳಿಯಬೇಕು, ಭೂಮಿತಾಯಿಯನ್ನು ಚಪ್ಪಲಿಗಾಲಲ್ಲಿ ತುಳಿಯಬಾರದು ಎಂದು ಕಲಿಸಿದವಳು ತಾನೇ.

ಸಂಚಿ ಬಿಚ್ಚಿ ಮಾತ್ರೆ ಕೊಟ್ಟಳು. ಮಾತ್ರೆಯ ಪೊಟ್ಟಣ ಹರಿದಿಲ್ಲ, ತಾರೀಖು ಮುಗಿದಿಲ್ಲ ಎಂದು ಚೌಡೇಶ್ವರಿ ನೋಡಿಕೊಂಡಳು. ಊಟವಾದ ಮೇಲೆ ಅನ್ನಪೂರ್ಣ ಚೆನ್ನಾಗಿ ಅಗಿದು ನುಂಗಿದಳು. ಮುಗಿಯುವ ತನಕ ಅಜ್ಜಮ್ಮ ಎದುರಿಗೇ ಕೂತಿದ್ದಳು.

ಮುಂದಿನ ತಿಂಗಳ ತಪಾಸಣೆಯಲ್ಲಿ ರಕ್ತ ಒಂಬತ್ತೂವರೆಗೆ ಬಂದಿತ್ತು. ತಿಂಗಳಿನಿಂದ ಹೊಲಕ್ಕೆ ಬಾರದಿದ್ದ ಅನ್ನಪೂರ್ಣ ಮರುದಿನ ಬುತ್ತಿ ತಂದು, ರೂಢಿಯಂತೆ ಬದುವಿನ ಮೇಲೆ ಚಪ್ಪಲಿ ಬಿಡಲು ಹೋದಳು.

"ಹಾಕ್ಕಂಡೇ ಬಾ," ಎಂದಳು ಅಜ್ಜಮ್ಮ. "ಭೂಮ್ತಾಯಿಗೆ ನಾನು ಹೇಳ್ಕಂತೀನಿ. ಅವಳೂ ಹೆತ್ತವಳೇ."

ಅಕ್ಕಂದಿರೇ, ಅತ್ತೆಯರೇ, ನಿಮ್ಮ ಮನೆಯಲ್ಲೂ ಬಸುರಿ ಇದ್ದರೆ ಜಂತುಹುಳದ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ಕೊಡಬೇಡಿ. ಎಷ್ಟು ತಿಂಗಳಾಯಿತೆಂದು ಡಾಕ್ಟರಿಗೆ ಹೇಳಿ. ಮೂರು ತಿಂಗಳು ದಾಟಿದ ಮೇಲೆ ಅವರು ಕೊಟ್ಟರೆ ಹೆದರಿ ಬಚ್ಚಿಡಬೇಡಿ. ಕಬ್ಬಿಣದ ಮಾತ್ರೆ ಬಿಡಬೇಡಿ, ಶೌಚಾಲಯ ಬಳಸಿ, ಸೋಪಿನಿಂದ ಕೈ ತೊಳೆಯಿರಿ. ಹೊಲಕ್ಕೆ ಇಳಿಯುವಾಗ ಕಾಲಲ್ಲಿ ಚಪ್ಪಲಿ ಇರಲಿ.