ಹದಿನೈದನೆಯ ತಾಯಿ

ಮುದ್ದೆಯ ತಟ್ಟೆಯನ್ನು ಚಪ್ಪಟೆ ಕಲ್ಲಿನ ಮೇಲಿಟ್ಟು ಬೋರಕ್ಕ ಹಿಂದೆ ಸರಿದು ನಿಂತಳು. ಹಟ್ಟಿಯ ಬೇಲಿಯಾಚೆ, ಹೊಂಗೆಮರದ ನೆರಳಿನಲ್ಲಿ ಕುಳಿತಿದ್ದ ಸೊಸೆ ನಿಂಗಕ್ಕ ಎದ್ದು ಬಂದು ತಟ್ಟೆಯನ್ನು ತೆಗೆದುಕೊಂಡಳು. ಹೆಂಗಸರು ತಿಂಗಳಿಗೊಮ್ಮೆ ಹೊರಗೆ ಕೂರುವ ದಿನಗಳಲ್ಲಿ ಕೈಯಿಂದ ಕೈಗೆ ಏನೂ ಹೋಗುವಂತಿರಲಿಲ್ಲ. ಕೊಡುವುದು, ಪಡೆಯುವುದು ಎಲ್ಲವೂ ಆ ಕಲ್ಲಿನ ಮೂಲಕವೇ. ಬೋರಕ್ಕನ ಅತ್ತೆಯೂ ಇದೇ ಕಲ್ಲಿನ ಮೇಲೆ ಅವಳಿಗೆ ಊಟವಿಟ್ಟಿದ್ದಳು.

ನಿಂಗಕ್ಕ ಮುದ್ದೆ ಮುರಿಯಲಿಲ್ಲ.

“ಅತ್ತೆ, ಇವತ್ತು ಪರೀಕ್ಷೆ ಐತೆ.”

“ಗೊತ್ತೈತೆ. ಉಣ್ಣು.”

“ನಾನಿಲ್ದಿದ್ರೆ ಹದಿನಾಲ್ಕೇ ಜನ ಆಗ್ತಾರೆ. ಕೇಂದ್ರಾನೇ ಮುಚ್ತಾರಂತೆ.”

“ಪರೀಕ್ಷೆ ಮಾಡೋರು ನಿನ್ನ ದಿನ ಕೇಳಿ ಬರ್ತಾರೇನೇ?” ಎಂದು ಬೋರಕ್ಕ ತಿರುಗಿ ನಡೆದಳು. ಸೊಸೆಯ ಮುಖ ನೋಡಿದರೆ ಮನಸ್ಸು ಮೆತ್ತಗಾದೀತೆಂಬ ಅಂಜಿಕೆ ಅವಳಿಗಿತ್ತು.

ದೊಡ್ಡಉಳ್ಳಾರ್ತಿಯ ಕಾವಲಿನ ಹುಲ್ಲುಗಾವಲಿನ ಅಂಚಿನಲ್ಲಿದ್ದ ಆ ಹಟ್ಟಿಗೆ ತಾಯಿ-ಮಕ್ಕಳ ಓದು ಕೇಂದ್ರ ಬಂದು ವರ್ಷವಾಗಿತ್ತು. ಪುಸ್ತಕ, ಸೋಲಾರ್ ದೀಪ, ಕಲಿಸುವ ಪುಷ್ಪಲತಾಳ ಗೌರವಧನ ಎಲ್ಲವೂ ಸರ್ಕಾರದ ಅನುದಾನದಿಂದ ನಡೆಯುತ್ತಿದ್ದವು. ಸಂಜೆ ಕುರಿಮಂದೆ ರೊಪ್ಪ ಸೇರಿದ ಮೇಲೆ ತಾಯಂದಿರು ಸಮುದಾಯ ಭವನದಲ್ಲಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಪುಸ್ತಕವನ್ನು ಓದುತ್ತಿದ್ದರು. ಆದರೆ ಆದೇಶ ಬಿಗಿಯಾಗಿತ್ತು. ವರ್ಷದ ಕೊನೆಗೆ ಹದಿನೈದು ತಾಯಂದಿರು ತಂತಮ್ಮ ಮಗುವಿನೊಡನೆ ಕುಳಿತು ಅಧಿಕಾರಿಯ ಮುಂದೆ ಒಂದು ಪುಟ ಓದಿ ತೋರಿಸಬೇಕು. ಒಬ್ಬಳು ಕಡಿಮೆಯಾದರೂ ಅನುದಾನ ನಿಲ್ಲುತ್ತದೆ. ಹಿಂದಿನ ದಿನವಷ್ಟೇ ಮೊಳಕಾಲ್ಮೂರಿನ ನೇಕಾರರ ಬೀದಿಯೊಂದರ ಕೇಂದ್ರ ಹೀಗೆಯೇ ಮುಚ್ಚಿತ್ತು. ಮದುವೆ ಸೀರೆಗಳ ಗಡುವಿಗೆ ಸಿಕ್ಕ ಇಬ್ಬರು ಹೆಂಗಸರಿಗೆ ಮಗ್ಗ ಬಿಟ್ಟು ಏಳಲಾಗಿರಲಿಲ್ಲ.

ಆ ಸುದ್ದಿ ತಿಳಿದೊಡನೆ ಪುಷ್ಪಲತಾ ಹಟ್ಟಿಯ ಹಿರಿಯ ತಿಪ್ಪಯ್ಯನಲ್ಲಿಗೆ ಓಡಿಬಂದು, ನಿಂಗಕ್ಕನ ಪರೀಕ್ಷೆಯನ್ನು ಮರದಡಿಯಲ್ಲೇ ಮಾಡಿಸಲು ಒಪ್ಪಿಗೆ ಕೇಳಿದ್ದಳು. ಪುಸ್ತಕವೆಂದರೆ ಸರಸ್ವತಿ, ಹೊರಗಾದವರು ಅದನ್ನು ಮುಟ್ಟಬಾರದು ಎಂದು ಅವನು ಖಚಿತವಾಗಿ ಹೇಳಿಬಿಟ್ಟ. ಇಂದು ಪುಸ್ತಕ ಬೇಲಿ ದಾಟಿದರೆ ನಾಳೆ ಇನ್ನೇನು ದಾಟೀತೆಂಬುದು ಅವನ ಭಯ. ಪಕ್ಕದಲ್ಲಿದ್ದ ಬೋರಕ್ಕ ಹೌದೆಂದು ತಲೆಯಾಡಿಸಿದ್ದಳು.

ಈಗ ಸಮುದಾಯ ಭವನದ ಹಿಂದೆ ಪಂಚಾಯಿತಿ ಸದಸ್ಯ ಜಂಬುಲಿಂಗಪ್ಪ ಅವಳನ್ನೇ ಕಾಯುತ್ತಿದ್ದ. ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡುವ ಅವನೇ ಕಚೇರಿಯಿಂದ ಕಚೇರಿಗೆ ಅಲೆದು ಈ ಕೇಂದ್ರವನ್ನು ತಂದವನು. ಅವನ ಜೊತೆ ಪುಷ್ಪಲತಾ ಇದ್ದಳು. ಇನ್ನೊಬ್ಬಳು ಅವನ ತಂಗಿಯ ಮಗಳು ಐಶ್ವರ್ಯ, ಚಳ್ಳಕೆರೆಯಲ್ಲಿ ಪದವಿ ಓದುತ್ತಿದ್ದವಳು. ಅವಳಿಗೆ ಮಾಸಿದ ನೂಲಿನ ಸೀರೆ ಉಡಿಸಿ, ತಲೆಗೆ ಸೆರಗು ಹೊದಿಸಲಾಗಿತ್ತು.

“ನೋಡ್ರಿ ಬೋರಕ್ಕ, ನಿಮ್ಮ ಪದ್ಧತೀನೂ ಉಳೀಬೇಕು, ಕೇಂದ್ರಾನೂ ಉಳೀಬೇಕು. ನಮ್ಮ ಹುಡುಗಿ ಒಂದು ಗಳಿಗೆ ನಿಮ್ಮ ನಿಂಗಕ್ಕ ಆಗ್ತಾಳೆ. ನಿಮ್ಮ ಮೊಮ್ಮಗಳು ಪಕ್ಕದಲ್ಲಿ ಕೂತ್ರೆ ಸಾಕು.”

“ಇದು ಮೋಸ ಅಲ್ವಾ ಸರ್?” ಎಂದಳು ಪುಷ್ಪಲತಾ.

“ಮೋಸ ಮಾಡ್ದೇ ಇದ್ದ ಮೊಳಕಾಲ್ಮೂರಿನೋರಿಗೆ ಏನಮ್ಮ ಸಿಕ್ತು? ಬೀಗ. ಕುರಿ ಕಾಯೋರಿಗೆ ಓದು ಯಾಕೆ ಅಂತ ಕೇಳಿದೋರ ಮುಂದೆ ಕೈಕಟ್ಟಿ ನಿಂತು ತಂದಿದ್ದು ಇದು. ಒಂದ್ಸಲ ಹೋದ್ರೆ ಇನ್ಯಾರೂ ಕೊಡಲ್ಲ.” ನಂತರ ಐಶ್ವರ್ಯಳ ಕಡೆ ತಿರುಗಿ ದನಿ ತಗ್ಗಿಸಿದ. “ನೀನು ಸರಾಗ ಓದಬ್ಯಾಡ. ತಡವರಿಸು. ನಿಂಗೆ ಓದೋಕೆ ಬರ್ತೈತೆ ಅಂತ ಗೊತ್ತಾಗಬಾರ್ದು.”

“ಇಷ್ಟು ದಿನ ಓದು ಓದು ಅಂತಿದ್ದೋರು ನೀವೇ, ಮಾವ,” ಎಂದ ಐಶ್ವರ್ಯಳ ಮಾತಿಗೆ ಯಾರೂ ನಗಲಿಲ್ಲ.

ಪುಷ್ಪಲತಾ ಮುಖ ಬೇರೆಡೆ ತಿರುಗಿಸಿದಳು. ಬೋರಕ್ಕನಿಗೆ ಮಾತ್ರ ಎದೆಯ ಮೇಲಿನ ಭಾರ ಇಳಿದಂತಾಯಿತು. ದೇವರಿಗೂ ಅಪಚಾರವಿಲ್ಲ, ಸೊಸೆಯ ಓದಿಗೂ ಕುಂದಿಲ್ಲ. ಅವಳು ಒಪ್ಪಿಕೊಂಡು ಮೊಮ್ಮಗಳು ಕಾವ್ಯಳನ್ನು ಕರೆತಂದಳು. ಮಗು ಐಶ್ವರ್ಯಳ ಸೀರೆಯನ್ನು ನೋಡಿತು, ಅಜ್ಜಿಯ ಮುಖವನ್ನು ನೋಡಿತು.

ಅಧಿಕಾರಿ ಲಕ್ಷ್ಮೀದೇವಿ ಹಟ್ಟಿಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದರು. ಸಂಪ್ರದಾಯ ತಿಳಿದವರೆಂದು ಹೆಂಗಸರು ಮೆಚ್ಚಿಕೊಂಡರೂ ಅವರ ಮುಖದಲ್ಲಿ ಸಲಿಗೆಯಿರಲಿಲ್ಲ. ಪ್ರತಿ ಜೋಡಿಯ ಓದನ್ನು ಕೇಳಿ, ಫೋಟೋ ತೆಗೆದು ಟ್ಯಾಬ್‌ನಲ್ಲಿ ದಾಖಲಿಸುತ್ತಿದ್ದರು. ಮಧ್ಯಾಹ್ನ ಒಂದು ಗಂಟೆಗೆ ದಾಖಲಾತಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆಂದು ಮೊದಲೇ ಎಚ್ಚರಿಸಿದ್ದರು. ಹದಿನಾಲ್ಕು ತಾಯಂದಿರು ಬೆವರುತ್ತ ಓದಿ ಎದ್ದರು.

ಐಶ್ವರ್ಯ ಕುಳಿತಳು. ಅವಳಿಗೂ ಕಾವ್ಯಳಿಗೂ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಉಳಿಯಿತು. ಲಕ್ಷ್ಮೀದೇವಿ ಆ ಜಾಗವನ್ನು ನೋಡಿದರು.

“ಯಾಕೆ ಪುಟ್ಟ, ದೂರ ಕೂತೆ? ಇವರು ನಿಮ್ಮವ್ವ ತಾನೆ?”

ಜಂಬುಲಿಂಗಪ್ಪ ಕಿಟಕಿಯ ಸರಳು ಹಿಡಿದು ನಿಂತ. ಆ ಕಿಟಕಿಯಾಚೆ, ಬೇಲಿಯ ಹೊರಗೆ, ನಿಂಗಕ್ಕ ಎದ್ದು ನಿಂತು ಇತ್ತಲೇ ನೋಡುತ್ತಿದ್ದಳು.

ಕಾವ್ಯ ಅಜ್ಜಿಯತ್ತ ತಿರುಗಿದಳು. ಆ ನೋಟದಲ್ಲಿ ದೂರಿರಲಿಲ್ಲ, ಅನ್ನಲೋ ಬೇಡವೋ ಎಂಬ ಪ್ರಶ್ನೆಯಷ್ಟೇ ಇತ್ತು. ಹಟ್ಟಿಯಲ್ಲಿ ಮಗುವೊಂದು ಬೇರೆ ಹೆಂಗಸನ್ನು ಅವ್ವ ಎನ್ನುವುದು ಹೆತ್ತವಳು ಮಣ್ಣಾದ ಮೇಲೆ. ಅಪ್ಪ ಇನ್ನೊಬ್ಬಳನ್ನು ಕೈಹಿಡಿದು ತಂದ ದಿನ ಹಿರಿಯರು ಮಗುವನ್ನು ಅವಳ ತೊಡೆಯ ಮೇಲೆ ಕೂರಿಸಿ ಆ ಮಾತು ಹೇಳಿಸುತ್ತಾರೆ. ಕಾವ್ಯಳ ವಯಸ್ಸಿನಲ್ಲಿ ಬೋರಕ್ಕ ಅದನ್ನು ಹೇಳಿದ್ದಳು. ಹೇಳಿದ ಮೇಲೆಯೇ ತನ್ನ ತಾಯಿ ನಿಜವಾಗಿ ಸತ್ತಳೆಂದು ಅವಳಿಗೆ ಅರ್ಥವಾಗಿದ್ದು.

ಮಗುವಿನ ತುಟಿ ಬಿಚ್ಚಿತು.

“ಅನ್ನಬ್ಯಾಡ,” ಎಂದಳು ಬೋರಕ್ಕ.

ಎಲ್ಲರೂ ತಿರುಗಿದರು. ಅವಳು ಜಂಬುಲಿಂಗಪ್ಪನನ್ನು ದಾಟಿ ಮುಂದೆ ಬಂದಳು. “ಮೇಡಮ್ಮಾರೆ, ಇದರ ತಾಯಿ ಬದುಕೈದಾಳೆ. ಆ ಮರದ ಕೆಳಗೆ ಐದಾಳೆ. ಹೊರಗಾಗ್ಯಾಳೆ ಅಂತ ಒಳಗೆ ಬಿಡ್ಲಿಲ್ಲ. ಬಿಡದೇ ಇದ್ದೋಳು ನಾನು.”

ಐಶ್ವರ್ಯ ಸೆರಗು ಸರಿಸಿ ಎದ್ದಳು. ಲಕ್ಷ್ಮೀದೇವಿ ಟ್ಯಾಬ್ ಕೆಳಗಿಟ್ಟು, ಬೇರೊಬ್ಬರನ್ನು ಕೂರಿಸಿದ ತಪ್ಪಿಗೆ ಈಗಲೇ ಕೇಂದ್ರ ಮುಚ್ಚಬಹುದೆಂದು ಜಂಬುಲಿಂಗಪ್ಪನಿಗೆ ಹೇಳಿದರು. ಯೋಚನೆ ತನ್ನದೇ, ಹೆಂಗಸರ ಮೇಲೆ ಹಾಕಬೇಡಿ ಎಂದು ಅವನು ತಲೆತಗ್ಗಿಸಿದ.

“ನಾನು ಇದನ್ನು ವರದಿಯಲ್ಲಿ ಬರೀತೀನಿ. ಆ ತಾಯಿ ಓದಿದ್ರೆ ಅದನ್ನೂ ಬರೀತೀನಿ,” ಎಂದರು ಅವರು. “ಆದ್ರೆ ಪಾಠ ನಡೆಯೋ ಜಾಗದಲ್ಲೇ ಪರೀಕ್ಷೆ ಆಗಬೇಕು ಅಂತ ಆದೇಶ ಇದೆಯಲ್ಲ, ಅಜ್ಜಿ.”

“ಅಲ್ಲೂ ಪಾಠ ಆಗೈತೆ. ತಿಂಗಳು ತಿಂಗಳೂ ಈ ಕೂಸು ಬೇಲಿ ಹತ್ರ ನಿಂತು ಪಾಠ ಕೂಗ್ತೈತೆ, ಅವಳು ಮಣ್ಣಲ್ಲಿ ಕಡ್ಡಿ ಹಿಡ್ದು ಬರೀತಾಳೆ. ನಾನು ಕಂಡೂ ಕಾಣದಂಗೆ ಇದ್ದೆ.”

ಲಕ್ಷ್ಮೀದೇವಿ ಗಡಿಯಾರ ನೋಡಿಕೊಂಡು, ಪುಷ್ಪಲತಾಳನ್ನು ನೋಡಿದರು. ಪುಷ್ಪಲತಾ ಹೌದೆಂದು ತಲೆಯಾಡಿಸಿದಳು. ಅವರು ಟ್ಯಾಬ್ ಎತ್ತಿಕೊಂಡರು.

ಬೋರಕ್ಕ ಕಾವ್ಯಳ ಪುಸ್ತಕವನ್ನು ಎದೆಗವಚಿಕೊಂಡು ನಡೆದಳು. ಬೇಲಿಯ ಬಾಗಿಲಲ್ಲಿ ತಿಪ್ಪಯ್ಯ ಕೋಲು ಅಡ್ಡ ಹಿಡಿದು ನಿಂತಿದ್ದ.

“ಬೋರಕ್ಕ, ಇದು ಆಚೆ ಹೋದ್ರೆ ಹಟ್ಟಿಗೆ ಕೇಡು.”

“ಕೇಡು ಬಂದ್ರೆ ನನ್ನ ಮನೆಗೇ ಬರ್ಲಿ, ತಿಪ್ಪಯ್ಯಣ್ಣ. ತಾಯಿ ಕಣ್ಮುಂದೆ ಇರೋವಾಗ ಕೂಸಿನ ಬಾಯಲ್ಲಿ ಅವಳನ್ನ ಇಲ್ಲ ಅನ್ನಿಸೋಕೆ ಹೊರಟಿದ್ವಿ. ಅದಕ್ಕಿಂತ ಕೇಡು ಯಾವ್ದು, ನೀನೇ ಹೇಳು.”

ತಿಪ್ಪಯ್ಯನ ಕೋಲು ಮೆಲ್ಲಗೆ ಕೆಳಗಿಳಿಯಿತು. ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು.

ಬೋರಕ್ಕ ಪುಸ್ತಕವನ್ನು ಚಪ್ಪಟೆ ಕಲ್ಲಿನ ಮೇಲೆ ಬಿಡಿಸಿಟ್ಟಳು. ಅಭ್ಯಾಸಬಲದಿಂದ ಹಿಂದೆ ಸರಿದಳು. ಕಲ್ಲಿನ ಒಂದು ಬದಿಗೆ ಕಾವ್ಯ, ಇನ್ನೊಂದು ಬದಿಗೆ ನಿಂಗಕ್ಕ ಕುಳಿತರು. ನಿಂಗಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಆದರೂ ಪುಟವನ್ನು ಮುಟ್ಟದೆ ಬಾಗಿ ಓದತೊಡಗಿದಳು.

“ಕಾವಲಿನಲ್ಲಿ... ಒಂದು ಬೆಳವ... ಗೂಡು ಕಟ್ಟಿತು.”

ಮೂರು ಸಾಲು ಮುಗಿದವು. ನಾಲ್ಕನೆಯದರಲ್ಲಿ ಸ್ವರ ಒಡೆಯಿತು. ಬೇಲಿಯ ಉದ್ದಕ್ಕೂ ಹಟ್ಟಿಯೇ ನಿಂತು ನೋಡುತ್ತಿತ್ತು. ಅವಳು ಮತ್ತೆ ಬಾಯಿ ತೆರೆದಳು, ಗಂಟಲಿನಿಂದ ಬರಿಯ ಗಾಳಿ ಹೊರಟಿತು. ಲಕ್ಷ್ಮೀದೇವಿಯ ಕಣ್ಣು ಟ್ಯಾಬ್‌ನ ಮೂಲೆಗೆ ಹೋಗಿ ಬಂತು. ಒಂದು ಗಂಟೆಗೆ ಇನ್ನು ಕೆಲವೇ ನಿಮಿಷ.

“ನೀರು,” ಎಂದಳು ನಿಂಗಕ್ಕ.

ಬೋರಕ್ಕ ಚೊಂಬು ತುಂಬಿಕೊಂಡು ಬಂದಳು. ಬಂದವಳು ಕಲ್ಲಿನ ಮುಂದೆ ನಿಂತುಬಿಟ್ಟಳು. ಕಲ್ಲಿನ ಮೇಲೆ ಪುಸ್ತಕ ತೆರೆದುಕೊಂಡಿತ್ತು, ಚೊಂಬಿಗೆ ಜಾಗವಿರಲಿಲ್ಲ. ಸರಸ್ವತಿಯನ್ನು ನೆಲಕ್ಕಿಡುವಂತಿಲ್ಲ. ಕುಡಿಯುವ ನೀರನ್ನು ಧೂಳಿನಲ್ಲಿಡಲು ಮನಸ್ಸು ಬರಲಿಲ್ಲ. ಹೊತ್ತು ಜಾರುತ್ತಿತ್ತು.

ಅವಳು ಕಲ್ಲನ್ನು ಬಳಸಿ ಆಚೆ ಬಂದು ಚೊಂಬನ್ನು ಸೊಸೆಯತ್ತ ಚಾಚಿದಳು.

ನಿಂಗಕ್ಕನ ಕೈ ಅರ್ಧಕ್ಕೆ ಬಂದು ನಿಂತಿತು.

“ತಗೋ,” ಎಂದಳು ಬೋರಕ್ಕ. “ಕೈ ನೋಯ್ತೈತೆ.”

ಬೆರಳಿಗೆ ಬೆರಳು ತಾಗಿತು. ನಿಂಗಕ್ಕ ಗಟಗಟನೆ ಕುಡಿದು, ಚೊಂಬನ್ನು ಅತ್ತೆಯ ಕೈಗೇ ಮರಳಿಸಿದಳು. ಬೋರಕ್ಕ ಈ ಸಲ ಹಿಂದೆ ಸರಿಯಲಿಲ್ಲ. ಸೊಸೆಯ ಮಗ್ಗುಲಲ್ಲೇ ಕಾಲು ಮಡಿಸಿ ಕುಳಿತಳು. ನಿಂಗಕ್ಕ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಲಕ್ಷ್ಮೀದೇವಿ ಫೋಟೋಗಾಗಿ ಟ್ಯಾಬ್ ಎತ್ತಿದರು. ಕಾವ್ಯ ಕಲ್ಲನ್ನು ಹತ್ತಿ ಇಳಿದು ಬಂದು ತಾಯಿಗೆ ಒತ್ತಿ ಕುಳಿತಳು. ನಿಂತುಹೋಗಿದ್ದ ಸಾಲಿನ ಮೇಲೆ ಬೆರಳಿಟ್ಟಳು.

“ಇಲ್ಲಿಂದ ಓದು, ಅವ್ವ.”