ಯಾರ ಕಾಲೂ ಹಿಡಿಯದವರ ಕೋಟು

ಟಯರ್ ಅಂಗಡಿಯವನಿಗೆ ಕ್ಯಾಪ್ಟನ್ ಎಂಬ ಹೆಸರು ಬಂದದ್ದು ಅವನ ಅಜ್ಜನ ಕೋಟಿನಿಂದ. ಅಂಗಡಿಯ ಬೋರ್ಡಿನ ಮೇಲೂ ಅದೇ ಇತ್ತು, ಕ್ಯಾಪ್ಟನ್ ಟಯರ್ಸ್ ಎಂದು. ಅಜ್ಜ ಬ್ರಿಟಿಷರ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದರು, ಕುದುರೆ ಪಡೆಯಲ್ಲಿದ್ದರು, ಜೀವಮಾನದಲ್ಲಿ ಯಾರ ಕಾಲೂ ಹಿಡಿದವರಲ್ಲ. ಲಾರಿಯ ಚಕ್ರ ಬಿಚ್ಚುತ್ತಾ ಅವನು ಈ ಮಾತನ್ನು ಎಷ್ಟು ಡ್ರೈವರುಗಳ ಕಿವಿಗೆ ಹಾಕಿದ್ದನೋ. ಯಾರಾದರೂ ನಕ್ಕರೆ ಸ್ಪ್ಯಾನರ್ ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತಿದ್ದ. ಜಗಳಕ್ಕೆ ಅವನಿಗೆ ದೊಡ್ಡ ಕಾರಣ ಬೇಕಿರಲಿಲ್ಲ. ಎದುರು ಅಂಗಡಿಯವನು ಗಟ್ಟಿ ಟ್ಯೂಬಿಗೆ ತಾನೇ ತೂತು ಹೊಡೆದು ಪಂಚರ್ ಹಾಕುತ್ತಾನೆ ಎಂದು ಇವನು ನಡುರಸ್ತೆಯಲ್ಲಿ ಕೂಗಾಡಿ ಅವನ ಮಾನ ಕಳೆದಿದ್ದ. ಅಂದಿನಿಂದ ಎರಡೂ ಅಂಗಡಿಗೆ ಮಾತು ಬಿಟ್ಟುಹೋಗಿತ್ತು.

ಕೋಟು ಟ್ರಂಕಿನಲ್ಲಿತ್ತು. ದಪ್ಪ ಉಣ್ಣೆಯದು, ಖಾಕಿ. ಹಿತ್ತಾಳೆಯ ಗುಂಡಿಗಳೆಲ್ಲ ಉಳಿದಿದ್ದವು. ಭುಜದ ಮೇಲೆ, ತೋಳಿನ ಮೇಲೆ ಇರಬೇಕಾದ ಬಿಲ್ಲೆ ಪಟ್ಟಿಗಳು ಮಾತ್ರ ಒಂದೂ ಇರಲಿಲ್ಲ. ಯಾವಾಗ ಹೋದವು, ಯಾರು ಕಿತ್ತರು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಊರಿನ ಮ್ಯೂಸಿಯಂನವರು ಹಳೆಯ ಯುದ್ಧಗಳಿಗೆಂದು ಒಂದು ಕೋಣೆ ಸಿದ್ಧ ಮಾಡುತ್ತಿದ್ದರು. ಕೋಟು ಕೊಡುತ್ತೀರಾ ಎಂದು ಕೇಳಿ ಬಂದರು. ಕೇಳಿದ್ದೇ ತಡ, ಇವನು ಒಪ್ಪಿದ. ‘ನಮ್ಮೂರ ಕ್ಯಾಪ್ಟನ್’ ಎಂದು ದೊಡ್ಡ ಅಕ್ಷರದ ಪೋಸ್ಟರ್ ಗೋಡೆಗಳ ಮೇಲೆ ಬಂತು. ಒಂದು ಪೋಸ್ಟರನ್ನು ಇವನೇ ಹೋಗಿ ಎದುರು ಅಂಗಡಿಯ ಪಕ್ಕದ ಕಂಬಕ್ಕೆ ಅಂಟಿಸಿದ. ಹಳೇ ಸಾಮಾನಿನ ಬಜಾರಿನಲ್ಲಿ ಹುಡುಕಾಡಿ ಹಿತ್ತಾಳೆ ನಕ್ಷತ್ರಗಳನ್ನು ತಂದ. ಕ್ಯಾಪ್ಟನ್‌ಗೆ ಒಂದೊಂದು ಭುಜಕ್ಕೆ ಮೂರು. ಅಂಗಡಿಯ ಪಾಲಿಶ್ ಹಚ್ಚಿ ಫಳಫಳ ಉಜ್ಜಿದ. ಕೋಟು, ನಕ್ಷತ್ರ, ಜೊತೆಗೆ ಅತ್ತೆ, ಮೂರನ್ನೂ ವ್ಯಾನಿಗೆ ಹಾಕಿಕೊಂಡು ಮ್ಯೂಸಿಯಂಗೆ ಹೋದ. ಅತ್ತೆ ಎಂದರೆ ಅವನ ಅಪ್ಪನ ಅಕ್ಕ. ಅಜ್ಜನ ಮಕ್ಕಳಲ್ಲಿ ಈಗ ಉಳಿದವಳು ಅವಳೊಬ್ಬಳೇ.

ಮ್ಯೂಸಿಯಂನಲ್ಲಿ ಹಳೆಯ ಬಟ್ಟೆಗಳನ್ನು ನೋಡಿಕೊಳ್ಳುವ ಮೇಡಂ ಕೋಟನ್ನು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಮಲಗಿಸಿದರು.

ಇವನು ನಕ್ಷತ್ರದ ಪೊಟ್ಟಣ ಮುಂದೆ ತಳ್ಳಿದ. “ತಗೊಳ್ಳಿ ಮೇಡಂ. ಭುಜಕ್ಕೆ ಸಿಗಿಸಿಬಿಡಿ.”

“ಸ್ವಲ್ಪ ತಾಳಿ. ಮೊದಲು ಇದರ ಮೇಲೆ ಏನಿತ್ತು ಅಂತ ನೋಡೋಣ.”

“ಏನಿತ್ತು ಅಂದ್ರೆ? ಕ್ಯಾಪ್ಟನ್ ಅಂತ ನಾನು ಹೇಳ್ತಿಲ್ವಾ?”

“ನೀವು ಹೇಳ್ತಿದೀರಿ. ಕೋಟೂ ಹೇಳ್ಬೇಕಲ್ಲ.”

“ಕೋಟಿಗೆ ಬಾಯಿದೆಯಾ?”

“ನಿನಗೆ ಇರೋದೇ ಸಾಕು, ಸುಮ್ನಿರೋ,” ಎಂದಳು ಅತ್ತೆ. ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಒರೆಸತೊಡಗಿದಳು.

ಮೇಡಂ ಭುಜದ ಪಟ್ಟಿ ಮಗುಚಿ ತೋರಿಸಿದರು. ನಕ್ಷತ್ರದ ಹಿಂದೆ ಕಂಬಿ ಇರುತ್ತದೆ, ಅದು ಬಟ್ಟೆಯನ್ನು ತೂರಿ ಒಳಗೆ ಬರಬೇಕು, ಹಾಗೆ ಬಂದಿದ್ದರೆ ತೂತಿನ ಗುರುತು ಉಳಿಯಬೇಕು ಎಂದರು. ಇವನು ಬಗ್ಗಿ ನೋಡಿದ. ಬೆರಳಾಡಿಸಿ ನೋಡಿದ. ಎರಡು ಭುಜದಲ್ಲೂ ಒಂದೂ ತೂತಿರಲಿಲ್ಲ.

“ಮುಚ್ಚಿಕೊಂಡಿರಬೇಕು.”

“ಟ್ಯೂಬಿನ ತೂತು ತಾನಾಗೇ ಮುಚ್ಕೊಳ್ಳುತ್ತಾ?” ಎಂದಳು ಅತ್ತೆ.

ಮೇಡಂ ಕೋಟನ್ನು ಪಕ್ಕಕ್ಕೆ ಹೊರಳಿಸಿ, ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿದರು. ಬೆಳಕು ಓರೆಯಾಗಿ ಬಿದ್ದದ್ದೇ ಬಲತೋಳಿನ ಮೇಲೆ ಬಣ್ಣ ಮಾಸದ ಜಾಗ ಎದ್ದು ಕಂಡಿತು. ಬಿಸಿಲಿಗೆ ಸುತ್ತಲಿನ ಖಾಕಿ ಬೆಳ್ಳಗಾಗಿತ್ತು. ಪಟ್ಟಿ ಹೊಲಿದಿದ್ದಲ್ಲಿ ಮಾತ್ರ ಮೊದಲಿನ ಗಾಢ ಬಣ್ಣ ಹಾಗೇ ಉಳಿದಿತ್ತು. ಅದರ ಅಂಚಿನುದ್ದಕ್ಕೂ ಸೂಜಿಯ ಸಣ್ಣ ಸಣ್ಣ ಗುರುತು. ಕೆಳಗೆ ಇಂಗ್ಲಿಷಿನ ವಿ ಅಕ್ಷರದಂಥ ಮೂರು ಪಟ್ಟಿಗಳು, ಒಂದರ ಕೆಳಗೊಂದು. ಮೇಲೆ ಇನ್ನೊಂದು ಏನೋ ಇತ್ತು, ಕಮಾನಿನಂಥದು.

“ಮೂರು ಪಟ್ಟಿ ಅಂದ್ರೆ ಸಾರ್ಜೆಂಟ್,” ಎಂದರು ಮೇಡಂ.

“ಮೇಲಿರೋದು ಕಿರೀಟ ತಾನೇ? ಕಿರೀಟ ಸುಮ್ಸುಮ್ನೆ ಯಾರಿಗೂ ಕೊಡಲ್ಲ!”

“ಕಿರೀಟಕ್ಕೆ ಕೆಳಗೆ ಅಂಚಿರುತ್ತೆ. ಇದು ಕೆಳಗೆ ಬಾಯಿ ಬಿಟ್ಕೊಂಡಿದೆ.”

ಅತ್ತೆ ಕನ್ನಡಕ ಏರಿಸಿಕೊಂಡು ಎದ್ದು ಬಂದಳು. ಒಂದು ಗಳಿಗೆ ನೋಡಿದಳು. ಆಮೇಲೆ ಅವಳ ಹೊಟ್ಟೆ ಕುಲುಕಿ ಕುಲುಕಿ ನಗು ಬಂತು.

“ಲಾಳ ಕಣೋ! ಕುದುರೆ ಲಾಳ.”

ಮೇಡಂ ತಲೆಯಾಡಿಸಿದರು. ಕುದುರೆ ಪಡೆಯಲ್ಲಿ ಲಾಳ ಕಟ್ಟುವವರ ಗುರುತು ಅದೇ, ಸಾರ್ಜೆಂಟ್ ಎಂದಮೇಲೆ ಆ ಕೆಲಸದವರಿಗೆಲ್ಲ ಮುಖ್ಯಸ್ಥ ಎಂದರು. ಇವನ ಕಿವಿಗೆ ಮುಖ್ಯಸ್ಥ ಎಂಬುದು ಬೀಳಲಿಲ್ಲ.

“ಲಾಳ ಹೊಡೀತಿದ್ರಾ? ನಮ್ಮಜ್ಜ? ಯಾರ ಕಾಲೂ ಹಿಡಿದವರಲ್ಲ ಅಂತ ಅಪ್ಪ ಸಾಯೋವರೆಗೂ ಹೇಳ್ತಿದ್ದ!”

“ನಿಮ್ಮಪ್ಪ ಅರ್ಧ ಹೇಳಿದ, ಅರ್ಧ ನುಂಗಿದ. ‘ಕುದುರೆ ಕಾಲು ಬಿಟ್ರೆ ನಾನು ಯಾರ ಕಾಲೂ ಹಿಡಿದವನಲ್ಲ’ ಅಂತಿದ್ರು ನಮ್ಮಪ್ಪ. ಊಟಕ್ಕೆ ಕೂತಾಗೆಲ್ಲ ಅದೇ ಮಾತು. ಹೇಳಿ ತಾವೇ ನಗೋರು.”

“ನಿನಗೆ ಗೊತ್ತಿತ್ತಾ? ಮತ್ತೆ ಬಾಯಿಗೆ ಏನು ಹಾಕ್ಕೊಂಡಿದ್ದೆ?”

“ಕ್ಯಾಪ್ಟನ್ ಆದ್ಮೇಲೂ ಕುದುರೆ ಕಾಲು ಹಿಡೀತಾರೇನೋ ಅಂದ್ಕೊಂಡೆ. ಸೈನ್ಯದ ವಿಚಾರ ನನಗೇನು ಗೊತ್ತು? ಬೋರ್ಡ್ ಬರೆಸುವಾಗ ನನ್ನ ಕೇಳಿದ್ಯಾ?”

ಅಷ್ಟರಲ್ಲಿ ಮ್ಯೂಸಿಯಂನ ಮ್ಯಾನೇಜರ್ ಬಂದ. ವಿಷಯ ಕೇಳಿ ಅವನ ಮುಖ ಸಣ್ಣದಾಯಿತು. ಪೋಸ್ಟರ್ ಊರೆಲ್ಲ ಹಚ್ಚಿ ಆಗಿತ್ತು. ಬಾಗಿಲು ಹಾಕಿ ಬಂದು, ದನಿ ಇಳಿಸಿದ.

“ನೋಡಿ, ಕೋಟಿರೋದು ಗಾಜಿನೊಳಗೆ. ಭುಜ ಮಗುಚಿ ನೋಡೋರು ಯಾರು? ಆರು ತೂತು ಹೊಡೆದು ನಕ್ಷತ್ರ ಸಿಗಿಸಿದ್ರೆ ನಿಮ್ಮ ಮರ್ಯಾದೆನೂ ಉಳಿಯುತ್ತೆ, ನಮ್ಮದೂ ಉಳಿಯುತ್ತೆ.”

“ನಾನು ಹೊಡೆಯಲ್ಲ,” ಎಂದರು ಮೇಡಂ.

“ನೀವು ಬೇಡ. ಕೋಟು ಅವರದು, ಅವರೇ ಹೊಡೀಲಿ.”

ಎಲ್ಲರೂ ಇವನನ್ನು ನೋಡಿದರು. ಇವನು ಬೋರ್ಡನ್ನು ನೆನೆದ. ಎದುರು ಅಂಗಡಿಯವನು ಹಲ್ಲು ಕಿರಿಯುವುದನ್ನು ನೆನೆದ. ಮೇಜಿನ ಮೇಲಿದ್ದ ದಬ್ಬಳ ಎತ್ತಿಕೊಂಡ. ತೂತಿನ ಕೆಲಸ ಅವನಿಗೆ ಹೊಸದೇನಲ್ಲ. ಭುಜದ ಪಟ್ಟಿಯನ್ನು ಎಡಗೈ ಮೇಲೆ ಹರಡಿ, ಮೊನೆ ಇಟ್ಟ. ಬಟ್ಟೆ ಎಲ್ಲೂ ಜೀರ್ಣವಾಗಿರಲಿಲ್ಲ. ಹೊಲಿಗೆ ಬಿಗಿಯಾಗಿತ್ತು. ಹೆಬ್ಬೆರಳಿನಿಂದ ಒತ್ತಿ ನೋಡಿದ, ಟ್ಯೂಬನ್ನು ಒತ್ತಿ ನೋಡುವ ಹಾಗೆ.

ದಬ್ಬಳವನ್ನು ಮ್ಯಾನೇಜರನ ಮುಂದೆ ಕುಕ್ಕಿದ.

“ಗಟ್ಟಿ ಇರೋದಕ್ಕೆ ತೂತು ಹೊಡೆಯೋ ಕಸುಬು ನನ್ನ ಎದುರು ಅಂಗಡಿಯವನದು. ನಂದಲ್ಲ. ಈ ಕೋಟಿಗೆ ಯಾವನಾದ್ರೂ ತೂತು ಹೊಡೆದ ಅಂತ ಗೊತ್ತಾದ್ರೆ ಬಂದು ಗಾಜು ಒಡೀತೀನಿ. ಬರ್ಕೊಳ್ಳಿ, ಲಾಳದ ಸಾರ್ಜೆಂಟ್ ಅಂತ.”

“ಪೋಸ್ಟರ್?”

“ಅಂಟು ನಿಮ್ಮ ಹತ್ರ ಇದೆಯಲ್ಲ. ಮೇಲೆ ಇನ್ನೊಂದು ಹಚ್ಚಿ.”

ಹಾಗೆಯೇ ಆಯಿತು. ಕೋಟು ಗಾಜಿನೊಳಗೆ ಹೋಯಿತು. ಹೊಸ ಬಿಲ್ಲೆ ಯಾವುದನ್ನೂ ಹಾಕದೆ ತೋಳಿನ ಮೇಲಿನ ಗಾಢ ಗುರುತಿಗೇ ದೀಪ ಬಿಟ್ಟರು. ನಕ್ಷತ್ರಗಳು ಅಂಗಡಿಯ ನಟ್ಟು ಬೋಲ್ಟಿನ ಡಬ್ಬಿ ಸೇರಿದವು. ಬೋರ್ಡು ಇಳಿಸಲು ಇವನು ಏಣಿ ತಂದ, ಎರಡು ದಿನ ಅದನ್ನು ಗೋಡೆಗೆ ಒರಗಿಸಿಟ್ಟ, ಆಮೇಲೆ ವಾಪಸ್ ಕೊಟ್ಟುಬಂದ.

ಒಂದು ಮಧ್ಯಾಹ್ನ ಹಳೆಯ ಗಿರಾಕಿಯೊಬ್ಬ ಲಾರಿ ನಿಲ್ಲಿಸಿ ಇಳಿದ. ಇವನು ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

“ಏನ್ ಕ್ಯಾಪ್ಟನ್, ಮ್ಯೂಸಿಯಂಗೆ ಹೋಗಿದ್ದೆ. ನಿಮ್ಮಜ್ಜ ಕುದುರೆ ಕಾಲು ಹಿಡೀತಿದ್ರಂತೆ?”

ಇವನು ಸ್ಪ್ಯಾನರ್ ಕೆಳಗಿಟ್ಟ. ಡ್ರೈವರ್ ಒಂದು ಹೆಜ್ಜೆ ಹಿಂದೆ ಸರಿದ.

“ಹೌದು. ಅದು ಬಿಟ್ರೆ ಯಾರ ಕಾಲೂ ಹಿಡಿದವರಲ್ಲ. ಹೇಳೋದಾದ್ರೆ ಪೂರ್ತಿ ಹೇಳು,” ಎಂದ. ಸ್ಪ್ಯಾನರ್ ಎತ್ತಿಕೊಂಡು ಮುಂದಿನ ನಟ್ಟಿಗೆ ಹಾಕಿದ.